ಮಾರಬಾರದ ಮಜ್ಜಿಗೆ

ಕೆರೆಕೋಡಿಹಳ್ಳಿ, ಕುಂದಾಣ ಹೋಬಳಿ
21 ಜನವರಿ 2025

ಪದ್ಮಶ್ರೀ ಮೇಡಂನವರಿಗೆ ಆದಿನಾರಾಯಣಪ್ಪ ಮಾಡುವ ನಮಸ್ಕಾರ.

ನಮ್ಮ ಮನೆಗೂ ನಿಮ್ಮ ಶಾಲೆಗೂ ನಡುವೆ ಇರುವುದು ಒಂದು ಓಣಿ, ಒಂದು ಹುಣಸೆಮರ. ಜಗಲಿಯಿಂದ ಕೂಗಿದರೆ ನಿಮಗೆ ಕೇಳುತ್ತದೆ. ಆದರೂ ಕಾಗದ ಬರೆಯುತ್ತಿದ್ದೇನೆ. ಯಾಕೆಂದರೆ ಭಾನುವಾರ ಟೀ ಅಂಗಡಿಯಲ್ಲಿ ಎಲ್ಲರ ಮುಂದೆ, "ಇನ್ನು ಆ ಸ್ಕೂಲ್ ಮೆಟ್ಲು ತುಳಿದ್ರೆ ನನ್ನ ಹೆಸ್ರು ಆದಿನಾರಾಯಣಪ್ಪ ಅಲ್ಲ" ಎಂದುಬಿಟ್ಟಿದ್ದೇನೆ. ಈ ವಯಸ್ಸಿನಲ್ಲಿ ಹೆಸರು ಬದಲಾಯಿಸಿದರೆ ಆಧಾರ್ ಕಾರ್ಡಿನಿಂದ ಪಹಣಿಯವರೆಗೆ ಎಲ್ಲ ತಿದ್ದಿಸಬೇಕು. ಫೋನಿನಲ್ಲಿ ಮಾತಾಡೋಣವೆಂದರೆ ನನ್ನ ಬಾಯಿ ನನ್ನ ಮಾತು ಕೇಳುವುದಿಲ್ಲ. ಹಾಗಾಗಿ ಕಾಗದ. ತರುವವಳು ನನ್ನ ಮೊಮ್ಮಗಳು ಸಿಂಚನ, ನಿಮ್ಮ ಐದನೇ ಕ್ಲಾಸಿನವಳೇ.

ಶನಿವಾರ ನೀವು ಶಾಲೆಯ ಅಂಗಳದಲ್ಲಿ ಮಕ್ಕಳ ಸಂತೆ ಮಾಡಿಸಿದಿರಿ. ಮಕ್ಕಳಿಗೆ ಉದ್ಯಮಶೀಲತೆ ಕಲಿಸಬೇಕು ಎಂದು ದೊಡ್ಡ ಪದ ಹೇಳಿದಿರಿ. ಶಾಲಾ ಸಮಿತಿ ಅಧ್ಯಕ್ಷನಾದ ನಾನು ಸಂತೋಷವಾಗಿ ಒಪ್ಪಿದೆ. ಕೊತ್ತಂಬರಿ ಮಾರಲಿ, ಹುಣಸೆಹಣ್ಣು ಮಾರಲಿ, ಕೋಳಿಮೊಟ್ಟೆ ಮಾರಲಿ. ಆದರೆ ನನ್ನ ಮೊಮ್ಮಗಳು ನಮ್ಮ ಮನೆಯ ಮಡಕೆಯಲ್ಲಿ ನಮ್ಮ ಮನೆಯ ಮಜ್ಜಿಗೆ ತಂದು, "ಲೋಟಕ್ಕೆ ಐದು ರೂಪಾಯಿ" ಎಂದು ಬೋರ್ಡು ಹಾಕಿಕೊಂಡು ನಿಂತಳು.

ಮೇಡಂ, ಈ ಊರಿನಲ್ಲಿ ಹಾಲು ಡೇರಿಗೆ ಹಾಕುತ್ತೇವೆ, ಬೆಣ್ಣೆ ಮಾರುತ್ತೇವೆ, ತುಪ್ಪ ಮಾರುತ್ತೇವೆ. ಮಜ್ಜಿಗೆ ಮಾರುವುದಿಲ್ಲ. ಮಜ್ಜಿಗೆ ಬಂದವರದು. ನನ್ನಾಕೆ ಲಕ್ಷ್ಮೀದೇವಮ್ಮ ಇದ್ದಷ್ಟು ದಿನ ಬೇಸಿಗೆಯಲ್ಲಿ ನಮ್ಮ ಅಂಗಳಕ್ಕೆ ಬಂದವನು ಬಾಯಾರಿ ಹೋದದ್ದಿಲ್ಲ. ನಮ್ಮ ಹಸುಗಳನ್ನು ಮೇಯಿಸುತ್ತಿದ್ದ ಮುನಿಸ್ವಾಮಿ ಅಂಗಳದಲ್ಲಿ ನಿಂತು ಬೊಗಸೆ ಒಡ್ಡಿದರೆ, ಅವನು ಸಾಕೆನ್ನುವವರೆಗೂ ತಂಬಿಗೆಯಿಂದ ಸುರಿಯುತ್ತಿದ್ದಳು. ಆ ಮುನಿಸ್ವಾಮಿ ಶನಿವಾರ ನಿಮ್ಮ ಸಂತೆಗೆ ಬಂದು ಮಜ್ಜಿಗೆ ಕುಡಿದ. ನನ್ನ ಮೊಮ್ಮಗಳು ಕೈ ಚಾಚಿದಳು. ಅವನು ಬೈದಿದ್ದರೆ ನನಗೆ ಬೇಜಾರಿರಲಿಲ್ಲ. ಸೊಂಟದಿಂದ ಐದು ರೂಪಾಯಿ ತೆಗೆದು ಕೊಟ್ಟು ಹೋದ. ಉರಿಯುತ್ತಿರುವುದು ಅದು.

ಇದಕ್ಕೆ ಏನು ಹೇಳುತ್ತೀರಿ?

ಇಂತಿ, ಉತ್ತರ ಕಾಯುವ
ಆದಿನಾರಾಯಣಪ್ಪ


ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ, ಕೆರೆಕೋಡಿಹಳ್ಳಿ
22 ಜನವರಿ 2025

ಯಜಮಾನರಾದ ಆದಿನಾರಾಯಣಪ್ಪನವರಿಗೆ ಪದ್ಮಶ್ರೀ ಮಾಡುವ ವಂದನೆಗಳು.

ನನಗೆ ಗೊತ್ತಿರಲಿಲ್ಲ. ನಾನು ಬೆಳೆದದ್ದು ದೊಡ್ಡಬಳ್ಳಾಪುರದ ಮಗ್ಗದ ಓಣಿಯಲ್ಲಿ. ಅಲ್ಲಿ ಹಸು ಇರಲಿಲ್ಲ, ಮಜ್ಜಿಗೆಯನ್ನೂ ಅಂಗಡಿಯಿಂದ ತರುತ್ತಿದ್ದೆವು. ಮಕ್ಕಳಿಗೆ ನಾನು ಹೇಳಿದ್ದಿಷ್ಟು: "ಮನೇಲಿ ಸುಮ್ನೆ ಬಿದ್ದಿರೋದು ಏನಿದೆ ನೋಡಿ. ಅದು ಯಾರಿಗೆ ಬೇಕಾಗುತ್ತೆ ಯೋಚ್ನೆ ಮಾಡಿ. ಬೆಲೆ ಇಟ್ಟು ತಲೆ ಎತ್ಕೊಂಡು ಹೇಳಿ." ಸಿಂಚನ ಹಾಗೆಯೇ ಮಾಡಿದಳು. ತಪ್ಪಿದ್ದರೆ ನನ್ನದು, ಮಗುವಿನದಲ್ಲ.

ಆದರೆ ಸಂತೆಯೇ ತಪ್ಪು ಎಂದರೆ ಒಪ್ಪಲಾರೆ. ಮೂರು ವರ್ಷದಿಂದ ಹಾಜರಿ ಕೂಗಿದರೂ ಬಾಯಿ ಬಿಡದ ಹರ್ಷಿತ ಅವತ್ತು "ಕೊತ್ತಂಬ್ರೀ" ಎಂದು ಕೂಗಿದ್ದು ಬಸ್‌ಸ್ಟಾಪಿಗೆ ಕೇಳಿತು. ಮಗ್ಗಿ ಎಂದರೆ ಹೊಟ್ಟೆನೋವು ಬರುವ ಸಿದ್ದರಾಜು, ಚಿಲ್ಲರೆ ಕೊಡುವಾಗ ನನಗಿಂತ ಮೊದಲೇ ಲೆಕ್ಕ ಹೇಳಿದ. ನಿಮ್ಮ ಮೊಮ್ಮಗಳು ಮಜ್ಜಿಗೆ ಮಡಕೆಯನ್ನು ಬಾಗಿಲ ಹತ್ತಿರ ಇಡಲಿಲ್ಲ, ಕೀರ್ತನಳ ಖಾರದ ಹುರಿಗಾಳಿನ ಪಕ್ಕ ಇಟ್ಟಳು. "ಯಾಕಮ್ಮ ಇಲ್ಲಿ?" ಎಂದೆ. "ಖಾರ ತಿಂದೋರು ಇನ್ನೆಲ್ಲಿಗ್ ಹೋಗ್ತಾರೆ ಮಿಸ್?" ಎಂದಳು. ಇದನ್ನು ನಾನು ಕಲಿಸಿರಲಿಲ್ಲ.

ಮಾರ್ಚಿನಲ್ಲಿ ಇನ್ನೊಂದು ಸಂತೆ ಮಾಡುತ್ತೇನೆ. ಅಷ್ಟರೊಳಗೆ ನೀವೇ ಒಂದು ದಿನ ಬಂದು, ಯಾವುದನ್ನು ಮಾರಬಾರದು ಎಂದು ಮಕ್ಕಳಿಗೆ ಪಾಠ ಮಾಡಿ. ಮೆಟ್ಟಿಲು ತುಳಿಯಬಾರದೆಂದರೆ ಹಿಂದಿನ ಬಾಗಿಲಿಗೆ ಮೆಟ್ಟಿಲಿಲ್ಲ.

ಓಣಿಯಾಚೆಯಿಂದ,
ಪದ್ಮಶ್ರೀ


ಕೆರೆಕೋಡಿಹಳ್ಳಿ
25 ಜನವರಿ 2025

ಮೇಡಂನವರಿಗೆ,

ಹಿಂದಿನ ಬಾಗಿಲಿನಿಂದ ಬರುವುದು ಬೆಕ್ಕು. ನಾನು ಬರುವುದಿಲ್ಲ. ಪಾಠ ಕಾಗದದಲ್ಲೇ ಕಳಿಸುತ್ತೇನೆ, ಓದಿ ಹೇಳಿ.

ಒಂದೂರಲ್ಲಿ ಒಬ್ಬಳು ಗೌಡತಿ. ಹನ್ನೆರಡು ಎಮ್ಮೆ ಕಟ್ಟಿದ್ದಳು. ಅವಳ ಬಾಗಿಲ ಮುಂದೆ ದಾರಿ. ದಾರಿಹೋಕರೆಲ್ಲ ಅಲ್ಲಿ ನಿಂತು ಮಜ್ಜಿಗೆ ಕುಡಿದು, ಆ ಊರ ಸುದ್ದಿ ಈ ಊರಿಗೆ ಹೇಳಿ ಹೋಗುತ್ತಿದ್ದರು. ಒಂದು ದಿನ ಗೌಡತಿ ಯೋಚಿಸಿದಳು: ಇಷ್ಟು ಜನ ಕುಡಿಯುತ್ತಾರಲ್ಲ, ಒಬ್ಬೊಬ್ಬರು ಒಂದೊಂದು ಕಾಸು ಕೊಟ್ಟರೂ ವರ್ಷಕ್ಕೊಂದು ಎಮ್ಮೆ ಆಗುತ್ತದೆ. ಮಾರನೇ ದಿನ ಕಾಸು ಕೇಳಿದಳು. ಬಂದವರು ಬೇಡವೆನ್ನಲಿಲ್ಲ, ಕೊಟ್ಟರು. ಆಚೆ ದಿನದಿಂದ ಕೆರೆ ಏರಿಯ ದಾರಿ ಹಿಡಿದರು. ಗೌಡತಿಯ ಬಾಗಿಲ ಮುಂದೆ ಹುಲ್ಲು ಬೆಳೆಯಿತು. ಆ ಬೇಸಿಗೆಯಲ್ಲಿ ಹಿತ್ತಿಲ ಬಣವೆಗೆ ಬೆಂಕಿ ಬಿತ್ತು. "ಬಣವೆ ಉರೀತೈತೆ ಕಣವ್ವೋ" ಎಂದು ಹೇಳಲು ದಾರಿಯಲ್ಲಿ ಒಂದು ನರಪಿಳ್ಳೆ ಇರಲಿಲ್ಲ.

ಇದು ನಮ್ಮಜ್ಜಿ ಹೇಳಿದ ಕಥೆ. ನಿಮ್ಮ ತರಬೇತಿಯಲ್ಲಿ ಇದನ್ನು ಹೇಳಿರಲಿಕ್ಕಿಲ್ಲ.

ಇನ್ನೊಂದು ವಿಚಾರ. ನನ್ನ ಮಗ ರವಿಚಂದ್ರ ಏರ್‌ಪೋರ್ಟಿಗೆ ಕೆಲಸಕ್ಕೆ ಹೋಗುವವನು, ಅವನಿಗೆ ದೇವನಹಳ್ಳಿಯ ಇಂಗ್ಲಿಷ್ ಸ್ಕೂಲುಗಳೆಲ್ಲ ಗೊತ್ತು. ವ್ಯಾನು ನಮ್ಮ ಊರ ಗೇಟಿಗೇ ಬರುತ್ತದಂತೆ. ಇಷ್ಟು ದಿನ ನಾನೇ ಬೇಡವೆಂದು ತಡೆದಿದ್ದೆ. ಪರೀಕ್ಷೆ ಮುಗಿದ ಮೇಲೆ ಸಿಂಚನಳ ಟಿ.ಸಿ. ತೆಗೆಸುತ್ತೇವೆ.

ಇಷ್ಟೇ.
ಆದಿನಾರಾಯಣಪ್ಪ


28 ಜನವರಿ 2025

ಯಜಮಾನರಿಗೆ ವಂದನೆಗಳು.

ಕಥೆಯನ್ನು ಮಕ್ಕಳಿಗೆ ಓದಿದೆ. ತುಂಬ ಮೆಚ್ಚಿದರು. ಬೈರೇಶ ಎದ್ದು ನಿಂತು, "ಮಿಸ್, ಗೌಡತಿ ಮಜ್ಜಿಗೆ ಬಿಟ್ಟಿ ಕೊಟ್ಟು ಪಕ್ಕದಲ್ಲಿ ಚಕ್ಲಿ ಮಾರ್ಬೋದಿತ್ತಲ್ವಾ?" ಎಂದ. ನಿಮ್ಮಜ್ಜಿಗೆ ಹೊಳೆಯದ ದಾರಿ.

ಈಗ ನನ್ನದೊಂದು ಕಥೆ. ದೊಡ್ಡಬಳ್ಳಾಪುರದಲ್ಲಿ ಒಬ್ಬ ನೇಕಾರ. ಅವನ ಕೈಯ ಸೀರೆ ಹಿಡಿದರೆ ಅಂಗಡಿಯವರು ಮಾತು ನಿಲ್ಲಿಸುತ್ತಿದ್ದರು. ಆದರೆ "ಏನಪ್ಪಾ, ಎಷ್ಟಕ್ಕೆ ಕೊಡ್ತೀಯ?" ಎಂದು ಕೇಳಿದರೆ ಅವನು ನೆಲ ನೋಡಿ, "ನೀವೇ ನೋಡಿ ಕೊಡಿ ಸ್ವಾಮಿ" ಎನ್ನುತ್ತಿದ್ದ. ಅವರು ನೋಡಿಯೇ ಕೊಡುತ್ತಿದ್ದರು, ಅವನ ಮುಖ ನೋಡಿ. ಸಾಯುವವರೆಗೂ ತಾನು ನೇಯ್ದ ಸೀರೆಗೆ ತಾನು ಬೆಲೆ ಹೇಳಲಿಲ್ಲ. ಅವನು ನನ್ನಪ್ಪ. ಹೋದ ವರ್ಷ ನಿಮ್ಮ ದ್ರಾಕ್ಷಿ ತೋಟಕ್ಕೆ ಬಂದ ವ್ಯಾಪಾರಿಗೆ ಬೆಲೆ ಹೇಳಿದ್ದು ಯಾರು ಯಜಮಾನರೇ? ನೀವೋ, ಅವನೋ?

ನನ್ನ ಮಕ್ಕಳು ನೆಲ ನೋಡಬಾರದು. ಉದ್ಯಮಶೀಲತೆ ಎಂಬ ದೊಡ್ಡ ಪದಕ್ಕೆ ನನ್ನ ಮಟ್ಟಿಗೆ ಅಷ್ಟೇ ಅರ್ಥ. ಸಿಂಚನಳಂಥ ಮಗು ಶಿಕ್ಷಕಿಗೆ ಮತ್ತೆ ಮತ್ತೆ ಸಿಗುವುದಿಲ್ಲ. ಅವಳನ್ನು ಬಿಟ್ಟುಕೊಡಲು ನನಗೆ ಮನಸ್ಸಿಲ್ಲ. ಟಿ.ಸಿ. ಕೇಳುವುದು ನಿಮ್ಮ ಹಕ್ಕು, ಕೇಳದ ಹಾಗೆ ಮಾಡುವುದು ನನ್ನ ಕೆಲಸ.

ಮೊನ್ನೆ ಸಂಜೆ ನಿಮ್ಮ ಮನೆ ಮುಂದೆ ಹಾದು ಹೋದೆ. ಜಗಲಿಯ ಕೆಳಗೆ, ಅಂಗಳದ ಉದ್ದಕ್ಕೂ ಗರಿಕೆ ಹುಲುಸಾಗಿ ಬೆಳೆದಿದೆ.

ಪದ್ಮಶ್ರೀ


14 ಫೆಬ್ರವರಿ 2025

ಯಜಮಾನರಿಗೆ,

ಎರಡು ವಾರ ದಾಟಿತು, ಉತ್ತರವಿಲ್ಲ. ಗರಿಕೆಯ ಮಾತು ಬರೆಯಬಾರದಿತ್ತೇನೋ. ಬರೆದದ್ದನ್ನು ಅಳಿಸಲು ಬರುವುದಿಲ್ಲ, ಆದ್ದರಿಂದ ಮುಂದಿನದನ್ನು ಬರೆಯುತ್ತೇನೆ.

ನೀವು ಪಾಠಕ್ಕೆ ಬರಲಿಲ್ಲವಾದ್ದರಿಂದ ಮಕ್ಕಳನ್ನೇ ಮನೆಮನೆಗೆ ಕಳಿಸಿದೆ. "ನಮ್ಮ ಮನೇಲಿ ಯಾವುದನ್ನ ಮಾರಲ್ಲ ಅಂತ ದೊಡ್ಡೋರನ್ನ ಕೇಳ್ಕೊಂಡು ಬನ್ನಿ" ಎಂದು ಹೋಮ್‌ವರ್ಕ್. ಬಂದ ಉತ್ತರ ಕೇಳಿ. ಹರ್ಷಿತಳ ಅಮ್ಮ ಬಟ್ಟೆ ಹೊಲಿಯುವವರು, ನಾಮಕರಣದ ಅಂಗಿಗೆ ಕೂಲಿ ತೆಗೆದುಕೊಳ್ಳುವುದಿಲ್ಲವಂತೆ. ಸಿದ್ದರಾಜುವಿನ ಅಪ್ಪ ಆಟೋದವರು, ಹೆರಿಗೆಗೆ ಹೋಗುವವರ ಹತ್ತಿರ ಬಾಡಿಗೆ ಕೇಳುವುದಿಲ್ಲವಂತೆ. "ವಾಪಸ್ ಬರೋವಾಗ ಮಾತ್ರ ಕೇಳ್ತಾರೆ ಮಿಸ್, ಮೀಟರ್ ಮೇಲೆ" ಎಂದೂ ಹೇಳಿದ. ಕೀರ್ತನಳ ಮನೆಯಲ್ಲಿ ಹೆಪ್ಪಿಗೆ ಮೊಸರು ಕೇಳಿದರೆ ದುಡ್ಡಿಲ್ಲ. ಬೈರೇಶನ ಮನೆಯಲ್ಲಿ ಬಾಣಂತಿಗೆ ನುಗ್ಗೆಸೊಪ್ಪು ಬಿಟ್ಟಿ.

ಸಿಂಚನ ಬರೆದದ್ದು ಎರಡೇ ಸಾಲು: "ನಮ್ಮ ಮನೆಯಲ್ಲಿ ಏನು ಮಾರುವುದಿಲ್ಲ ಎಂದು ತಾತನನ್ನು ಕೇಳಿದೆ. ತಾತ ಎದ್ದು ತೋಟಕ್ಕೆ ಹೋದರು."

ಈ ಉತ್ತರಗಳನ್ನೆಲ್ಲ ಕ್ಲಾಸಿನ ಗೋಡೆಗೆ ಅಂಟಿಸಿದ್ದೇವೆ. ಸಂತೆಗೆ ಹೋಗುವ ಮೊದಲು ಪ್ರತಿಯೊಬ್ಬರೂ ಅದನ್ನು ಓದಬೇಕು. ಹೀಗೆ ನಿಮ್ಮ ಪಾಠ ನೀವಿಲ್ಲದೆಯೇ ನಡೆಯಿತು.

ನಿಮ್ಮ ಕಾಗದ ಎದುರು ನೋಡುತ್ತಾ,
ಪದ್ಮಶ್ರೀ


17 ಫೆಬ್ರವರಿ 2025

ಮೇಡಂನವರಿಗೆ,

ಬೈರೇಶನ ಅಪ್ಪ ಹೇಳಿದ್ದು ಸುಳ್ಳು. ನನ್ನ ಸೊಸೆ ಅಕ್ಷತ ಬಾಣಂತಿಯಾಗಿದ್ದಾಗ ನುಗ್ಗೆಸೊಪ್ಪಿಗೆ ಇಪ್ಪತ್ತು ರೂಪಾಯಿ ಇಸಕೊಂಡಿದ್ದಾನೆ. ಗೋಡೆಯಿಂದ ಅದೊಂದನ್ನು ಕಿತ್ತುಹಾಕಿ. ಬೇಡ, ಹಾಗೇ ಇರಲಿ. ಮಗ ಓದಿದ್ದನ್ನು ಅಪ್ಪ ಇನ್ನು ಮೇಲಾದರೂ ನಡೆಸಬೇಕಾಗುತ್ತದೆ.

ದ್ರಾಕ್ಷಿಗೆ ಬೆಲೆ ಹೇಳಿದ್ದು ವ್ಯಾಪಾರಿ. ಕೇಳಿದಿರಲ್ಲ, ಅದಕ್ಕೆ ಹೇಳಿದೆ.

ನಮ್ಮ ಮನೆಯಲ್ಲೀಗ ಮಜ್ಜಿಗೆ ಕಡೆಯುವುದಿಲ್ಲ. ಸೊಸೆ ಮಿಕ್ಸಿಯಲ್ಲಿ ತಿರುಗಿಸುತ್ತಾಳೆ, ಮನೆಮಟ್ಟಿಗೆ ಸಾಕು. ಸಿಂಚನ ನಿಮ್ಮ ಸಂತೆಗೆಂದು ಅಟ್ಟ ಹತ್ತಿ ಅವಳ ಅಜ್ಜಿಯ ಕಡಗೋಲು, ಮಡಕೆ ಇಳಿಸಿದ್ದಳು. ಮೂರು ವರ್ಷದಿಂದ ಅದನ್ನು ಯಾರೂ ಮುಟ್ಟಿರಲಿಲ್ಲ. ಹಗ್ಗ ಸವೆದಿತ್ತು. ಕಡೆಯುವ ಸದ್ದಿಗೆ ಅವತ್ತು ಬೆಳಿಗ್ಗೆ ನನಗೆ ಎಚ್ಚರವಾಯಿತು.

ಟಿ.ಸಿ. ಅರ್ಜಿ ರವಿಚಂದ್ರ ಬರೆದುಕೊಟ್ಟಿದ್ದಾನೆ. ನನ್ನ ರುಜು ಆಗಿದೆ. ಪರೀಕ್ಷೆ ಮುಗಿಯಲಿ, ಕಳಿಸುತ್ತೇನೆ.

ಆದಿನಾರಾಯಣಪ್ಪ


5 ಮಾರ್ಚ್ 2025

ತಾತನಿಗೆ ಸಿಂಚನ ಮಾಡುವ ನಮಸ್ಕಾರಗಳು.

ನಾವು ಒಂದೇ ಮನೆಯಲ್ಲಿದ್ದರೂ ಕಾಗದ ಬರೆಯುತ್ತಿದ್ದೇನೆ. ನೀವೂ ಮಿಸ್ಸೂ ಎದುರುಬದುರು ಇದ್ದುಕೊಂಡೇ ಬರೆಯುವುದಿಲ್ಲವೇ. ಎದುರಿಗೆ ಹೇಳಿದರೆ ನೀವು ತೋಟಕ್ಕೆ ಹೋಗಿಬಿಡುತ್ತೀರಿ.

ನಾನು ಮುನಿಸ್ವಾಮಿ ತಾತನ ಮನೆಗೆ ಹೋಗಿದ್ದೆ. ಐದು ರೂಪಾಯಿ ವಾಪಸ್ ಕೊಡಲು. ಅವರು ಹಗ್ಗ ಹೊಸೆಯುತ್ತಿದ್ದರು. ತೆಗೆದುಕೊಳ್ಳಲಿಲ್ಲ. "ನಿನ್ನ ಬೋಣಿ ಕಾಸು ಕಣವ್ವ, ಮೊದಲನೇ ವ್ಯಾಪಾರದ್ದು ವಾಪಸ್ ಕೊಡಬಾರ್ದು" ಎಂದರು. ನಾನು ಬಿಡಲಿಲ್ಲ. "ನಮ್ಮ ತಾತನಿಗೆ ಬೇಜಾರಾಗಿದೆ, ಮಜ್ಜಿಗೆಗೆ ಕಾಸು ಯಾಕೆ ಕೊಟ್ರಿ?" ಎಂದು ಕೇಳಿದೆ.

ಆಗ ಅವರು ಹಗ್ಗ ಕೆಳಗಿಟ್ಟು ಹೇಳಿದರು. "ನಿಮ್ಮಜ್ಜಿ ಮಹಾತಾಯಿ, ಹೊಟ್ಟೆ ತುಂಬ ಸುರೀತಿದ್ರು. ಆದ್ರೆ ನಾನು ಅಂಗಳದಾಗೆ ನಿಂತು ಬೊಗಸೇಲಿ ಕುಡೀತಿದ್ದೆ ಕಣವ್ವ. ಮೂವತ್ತು ವರ್ಷ ಬೊಗಸೇಲೆ. ನೀನು ಅವತ್ತು, ಬನ್ನಿ ತಾತ ಕೂತ್ಕೊಳಿ ಅಂತ ಬೆಂಚಿನ ಮೇಲೆ ಕೂರಿಸಿ, ಲೋಟ ಕೈಗೆ ಕೊಟ್ಟೆ. ಕಾಸು ಕೊಟ್ಟೋನು ಕೂತ್ಕೊಂಡು ಲೋಟದಾಗೆ ಕುಡೀಬೋದು ಅಂದ್ರೆ ಐದ್ ರೂಪಾಯಿ ಏನು ದೊಡ್ಡದು?"

ನಾನು ಎಲ್ಲರನ್ನೂ ಹಾಗೇ ಕೂರಿಸಿದೆ, ಗಿರಾಕಿ ಅಂತ.

ತಾತ, ನಾನೊಂದು ಐಡಿಯಾ ಮಾಡಿದ್ದೇನೆ. ನೀವು ಶಾಲೆಗೆ ಬರುವುದಿಲ್ಲ. ಅದಕ್ಕೆ ಸಂತೆಯನ್ನೇ ನಮ್ಮ ಅಂಗಳಕ್ಕೆ ತರೋಣ. ಗಿರಾಕಿ ಅಂಗಡಿಗೆ ಬರದಿದ್ದರೆ ಅಂಗಡಿ ಗಿರಾಕಿ ಹತ್ತಿರ ಹೋಗಬೇಕು ಎಂದು ಮಿಸ್ ಹೇಳಿಕೊಟ್ಟಿದ್ದಾರೆ. ಮಜ್ಜಿಗೆಗೆ ಕಾಸು ಬೇಡ. ಬೈರೇಶ ಹೇಳಿದ ಹಾಗೆ ಪಕ್ಕದಲ್ಲಿ ಹುರಿಗಾಳು ಮಾರುತ್ತೇವೆ, ಅದು ನಾನೂ ಕೀರ್ತನಳೂ ಸೇರಿ. ಮಜ್ಜಿಗೆಗೆ ಬಂದವರು ಹುರಿಗಾಳು ಕೊಳ್ಳುತ್ತಾರೆ, ಹುರಿಗಾಳು ತಿಂದವರು ಮತ್ತೆ ಮಜ್ಜಿಗೆಗೆ ಬರುತ್ತಾರೆ. ಆದರೆ ಕಾಸು ಕೊಡದಿದ್ದರೂ ಎಲ್ಲರೂ ಕೂತು ಲೋಟದಲ್ಲೇ ಕುಡಿಯಬೇಕು. ಇದು ನನ್ನ ಕಂಡೀಷನ್.

ಕಡಗೋಲಿಗೆ ಮುನಿಸ್ವಾಮಿ ತಾತ ಹೊಸ ಹಗ್ಗ ಹೊಸೆದು ಕೊಡುತ್ತಾರಂತೆ.

ನಾನು ವ್ಯಾನಿನಲ್ಲಿ ಹೋಗುವುದಿಲ್ಲ ಎಂದು ಇಲ್ಲಿ ಬರೆಯುವುದಿಲ್ಲ. ಅದು ಬೇರೆ ವಿಷಯ.

ನಿಮ್ಮ ಮೊಮ್ಮಗಳು,
ಎಂ. ಆರ್. ಸಿಂಚನ, 5ನೇ ತರಗತಿ


12 ಮಾರ್ಚ್ 2025

ಪದ್ಮಶ್ರೀ ಮೇಡಂನವರಿಗೆ ನಮಸ್ಕಾರ.

ಮಗು ಬರೆದ ಕಾಗದ ನೀವೂ ಓದಿರಬಹುದು, ಓದಿಲ್ಲದೆಯೂ ಇರಬಹುದು. ಅದರ ಬಗ್ಗೆ ನಾನು ಏನೂ ಬರೆಯುವುದಿಲ್ಲ. ವಾರದಿಂದ ಬರೆಯಲು ಕೂತು ಎದ್ದಿದ್ದೇನೆ.

ಇದೇ 22ನೇ ತಾರೀಕು ಶನಿವಾರ, ಶಾಲೆ ಬಿಟ್ಟ ಮೇಲೆ, ನಿಮ್ಮ ಅಭ್ಯಂತರವಿಲ್ಲದಿದ್ದರೆ ಮಕ್ಕಳ ಸಂತೆಯನ್ನು ನಮ್ಮ ಅಂಗಳದಲ್ಲಿ ಮಾಡಬಹುದು. ನಾನು ನಿಮ್ಮ ಮೆಟ್ಟಿಲು ತುಳಿಯುವುದಿಲ್ಲ ಎಂದಿದ್ದೇನೆಯೇ ಹೊರತು ನೀವು ನಮ್ಮದನ್ನು ತುಳಿಯಬಾರದು ಎಂದಿಲ್ಲ.

ಅಂಗಳ ಕೆತ್ತಿಸಿದ್ದೇನೆ. ಗರಿಕೆ ಎರಡು ಮಂಕರಿ ಬಂತು, ಹಸುಗಳಿಗೆ ಹಾಕಿದೆ. ಜಗಲಿಯ ಮೇಲೆ ಬೆಂಚು ಹಾಕಿಸಿದ್ದೇನೆ. ಕುಂದಾಣದಿಂದ ಸ್ಟೀಲ್ ಲೋಟ ತಂದಿದ್ದೇನೆ, ಎಲ್ಲ ಒಂದೇ ಥರದ್ದು.

ಮುನಿಸ್ವಾಮಿಯನ್ನು ನಾನೇ ಹೋಗಿ ಕರೆದು ಬಂದೆ.

ಆದಿನಾರಾಯಣಪ್ಪ


23 ಮಾರ್ಚ್ 2025, ಭಾನುವಾರ

ಯಜಮಾನರಿಗೆ ವಂದನೆಗಳು.

ನಿನ್ನೆ ಅಷ್ಟು ಜನರ ನಡುವೆ ನಿಮ್ಮೊಡನೆ ನಾಲ್ಕು ಮಾತಾಡಲು ಆಗಲಿಲ್ಲ. ಎರಡು ತಿಂಗಳು ಬರೆದು ಬರೆದು, ಎದುರಿಗೆ ಬಂದಾಗ ಇಬ್ಬರಿಗೂ "ಬಿಸ್ಲು ಜಾಸ್ತಿ" ಎನ್ನುವುದರ ಹೊರತು ಬೇರೆ ಹೊಳೆಯಲಿಲ್ಲ. ಆದ್ದರಿಂದ ಕಾಗದವೇ ಸರಿ.

ನೀವು ನೋಡಿರದ ಎರಡು ಸಂಗತಿ ನಾನು ನೋಡಿದೆ. ಸಂತೆಯಿಂದ ದೂರ ನಿಂತಿದ್ದವರು ಮಜ್ಜಿಗೆಯ ವಾಸನೆಗೆ ಒಬ್ಬೊಬ್ಬರಾಗಿ ಒಳಗೆ ಬಂದರು. ಹರ್ಷಿತಳ ಸೊಪ್ಪು ಮೊದಲ ಗಂಟೆಯಲ್ಲೇ ಖಾಲಿ. ನಿಮ್ಮ ದ್ರಾಕ್ಷಿ ವ್ಯಾಪಾರಿ ಕೂಡ ಬಂದಿದ್ದನಲ್ಲ, ಅವನು ಬೈರೇಶನ ಚಕ್ಕೋತದ ಹಣ್ಣಿಗೆ "ಏನ್ ಮರಿ, ಮೂವತ್ತಕ್ಕೆ ಕೊಡ್ತೀಯಾ?" ಎಂದ. ಬೈರೇಶ ತಲೆ ಎತ್ತಿ, "ನಲವತ್ತು ಅಣ್ಣ. ಬೇಕಾದ್ರೆ ಮಜ್ಜಿಗೆ ಕುಡ್ಕೊಂಡು ಯೋಚ್ನೆ ಮಾಡಿ, ಅದು ಬಿಟ್ಟಿ" ಎಂದ. ವ್ಯಾಪಾರಿ ಮಜ್ಜಿಗೆ ಕುಡಿದ, ಯೋಚಿಸಿದ, ನಲವತ್ತು ಕೊಟ್ಟ. ನಮ್ಮಪ್ಪ ಇದ್ದಿದ್ದರೆ ಆ ಹುಡುಗನ ಕೈಗೆ ಒಂದು ಸೀರೆ ಕೊಟ್ಟು ಮಾರಲು ಕಳಿಸುತ್ತಿದ್ದರು.

ಇನ್ನೊಂದು, ನಿಮ್ಮ ಮುಖ. ಮುನಿಸ್ವಾಮಿಯವರು ಬೆಂಚಿನ ತುದಿಯಲ್ಲಿ ಕೂತರು. ನೀವು "ಸರಿಯಾಗ್ ಕೂತ್ಕೊಳ್ಳೋ ಮಾರಾಯ, ಬಿದ್ದೋಗ್ತೀಯ" ಎಂದು ಗದರಿ, ನಿಮ್ಮ ಕೈಯಾರೆ ಲೋಟ ಕೊಟ್ಟಿರಿ. ಅವರು ಕುಡಿದರು. ಮೀಸೆ ಒರೆಸಿಕೊಂಡರು. ಆಮೇಲೆ ಅವರ ಕೈ ಸೊಂಟಕ್ಕೆ ಹೋಯಿತು. ಅಂಗಳದಲ್ಲಿ ಅಷ್ಟು ಗದ್ದಲವಿತ್ತು, ಆದರೆ ಜಗಲಿಯ ಮೇಲೆ ನೀವು ಆ ಕೈಯನ್ನೇ ನೋಡುತ್ತಿದ್ದದ್ದು ನನಗೆ ಕಂಡಿತು. ಅವರು ನಾಣ್ಯ ಹೊರಗೆ ತೆಗೆದು ನಿಮ್ಮನ್ನು ನೋಡಿ ನಕ್ಕು, "ಮಜ್ಜಿಗೆಗಲ್ಲ ಬುಡಿ ಯಜಮಾನ್ರೇ, ಹುರಿಗಾಳಿಗೆ. ಏನವ್ವ ಸಿಂಚನ, ಕೊಸರು ಹಾಕ್ತೀಯ ತಾನೆ?" ಎಂದರು. ಸಿಂಚನ ಒಂದು ಹಿಡಿ ಜಾಸ್ತಿ ಹಾಕಿದಳು. ನೀವು ತಲೆಗೆ ಸುತ್ತಿದ್ದ ಟವೆಲ್ ಬಿಚ್ಚಿ ಮುಖ ಒರೆಸಿಕೊಂಡು, "ಬಿಸ್ಲು ಜಾಸ್ತಿ" ಎಂದಿರಿ.

ಹೊರಡುವಾಗ ಸಿಂಚನ ನನಗೂ ಒಂದು ಹುರಿಗಾಳಿನ ಪೊಟ್ಟಣ ಕೊಟ್ಟಳು. ಮನೆಗೆ ಬಂದು ಬಿಚ್ಚಿದೆ. ಕಾಗದದ ಒಳಗೆ ರವಿಚಂದ್ರರ ದುಂಡು ಅಕ್ಷರ: "ನನ್ನ ಮೊಮ್ಮಗಳಾದ ಸಿಂಚನಳ ವರ್ಗಾವಣೆ ಪತ್ರವನ್ನು ದಯಪಾಲಿಸಬೇಕಾಗಿ". ಅದರಿಂದ ಮುಂದಿನದು, ನಿಮ್ಮ ರುಜುವೂ ಸೇರಿ, ಎಣ್ಣೆಯಲ್ಲಿ ಕರಗಿತ್ತು. ಇವತ್ತು ಬೆಳಿಗ್ಗೆ ಹುಣಸೆಮರದ ಹತ್ತಿರ ಸಿಕ್ಕ ಸಿಂಚನಳನ್ನು, "ಈ ಕಾಗದ ಎಲ್ಲಿಂದ ತಂದೆ?" ಎಂದು ಕೇಳಿದೆ. "ಪೊಟ್ಟಣಕ್ಕೆ ಹಳೇ ಕಾಗದ ಸಾಲ್ಲಿಲ್ಲ ಮಿಸ್. ತಾತನೇ ಒಳಗಿಂದ ತಂದು, ಇದೂ ಆಗುತ್ತೆ ತಗೋ, ಮಿಸ್ಸಿಗೆ ಇದ್ರಲ್ಲೇ ಕೊಡು ಅಂದ್ರು" ಎಂದಳು.

ಅರ್ಜಿ ಯಾವ ರೂಪದಲ್ಲಿ ಬಂದರೂ ಉತ್ತರ ಕೊಡುವುದು ನಮ್ಮ ನಿಯಮ. ಆದ್ದರಿಂದ ಈ ಮೂಲಕ ತಿಳಿಸುವುದೇನೆಂದರೆ: ತಾವು ಸಲ್ಲಿಸಿದ ಅರ್ಜಿ ತಲುಪಿದೆ. ಕೂಲಂಕಷವಾಗಿ ಪರಿಶೀಲಿಸಲಾಗಿದೆ. ಉಪ್ಪು, ಖಾರ ಹದವಾಗಿದೆ.

ಇಂತಿ,
ಪದ್ಮಶ್ರೀ, ಮುಖ್ಯ ಶಿಕ್ಷಕಿ